ವೈನ್ ಪಟ್ಟಿಯನ್ನು ಕೆಳಗಿನಿಂದ ಓದುವುದು

ವೈನ್ ಪಟ್ಟಿಯೊಂದನ್ನು ಕೈಗೆ ಕೊಟ್ಟರೆ ಹೆಚ್ಚಿನವರು ಅದನ್ನು ಅಳೆಯುವುದು ಎರಡೇ ಬಗೆಯಲ್ಲಿ. ಎಷ್ಟು ಪುಟಗಳಿವೆ ಎಂದು ಮೊದಲು ನೋಡುತ್ತಾರೆ. ಆಮೇಲೆ ಅತಿ ದುಬಾರಿ ಬಾಟಲಿ ಯಾವುದೆಂದು ಹುಡುಕುತ್ತಾರೆ. ಪುಟಗಳು ಹೆಚ್ಚಿದ್ದು, ಅತಿ ಹೆಚ್ಚಿನ ಬೆಲೆ ಐದಂಕಿ ಮುಟ್ಟಿದ್ದರೆ ಹೋಟೆಲ್ಲು ದೊಡ್ಡದು ಎಂಬ ತೀರ್ಮಾನ ಅಲ್ಲಿಗೆ ಮುಗಿಯುತ್ತದೆ. ಪುಣೆಯ ಹೋಟೆಲ್ಲುಗಳ ಪಾನೀಯ ವಿಭಾಗದಲ್ಲಿ ದುಡಿದ ವರ್ಷಗಳುದ್ದಕ್ಕೂ ನಾನು ಈ ಅಳತೆಯನ್ನೇ ಕಂಡಿದ್ದೇನೆ. ಗಿರಾಕಿಗಳು ಹಾಗೆ ಅಳೆಯುತ್ತಿದ್ದರು, ಮಾಲೀಕರೂ ಹಾಗೆಯೇ ಅಳೆಯುತ್ತಿದ್ದರು, ಪಟ್ಟಿ ತಯಾರಿಸುವ ನಾವು ಅದಕ್ಕೆ ತಕ್ಕಂತೆ ಪುಟಗಳನ್ನು ತುಂಬುತ್ತಿದ್ದೆವು. ಈಗ ಕಲಬುರಗಿಗೆ ಮರಳಿ ನೆಲೆಸಿದ ಮೇಲೆ ಅದೇ ಅಳತೆ ನಮ್ಮ ಬಡಾವಣೆಯಲ್ಲಿಯೂ ಎದುರಾಗಿ, ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿದೆ.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹಳೆಯ ಲಾಡ್ಜೊಂದರ ಕೆಳಮಹಡಿ ಇಟಾಲಿಯನ್ ಹೋಟೆಲ್ಲಾಗಿ ಬದಲಾಯಿತು. ಲಾಡ್ಜಿಗೆ ಬಾರ್ ಲೈಸೆನ್ಸು ಮೊದಲಿನಿಂದಲೂ ಇದ್ದುದರಿಂದ ವೈನ್ ಮಾರಲು ತೊಡಕಿರಲಿಲ್ಲ. ನಡೆಸುವವನು ನನ್ನ ಗೆಳೆಯರೊಬ್ಬರ ಮಗ. ಗೋವಾದ ಅಡುಗೆಮನೆಗಳಲ್ಲಿ ಕೆಲಸ ಕಲಿತು ಊರಿಗೆ ಬಂದವನು. ಸಂಜೆ ಏಳಕ್ಕೆ ಕುಟುಂಬಗಳು ಪಿಜ್ಜಾ ತಿನ್ನಲು ಬರುತ್ತವೆ. ಒಂಬತ್ತರ ಮೇಲೆ ಒಳಗಿನ ಕೋಣೆಯಲ್ಲಿ ವೈದ್ಯರು, ಗುತ್ತಿಗೆದಾರರು, ವಿಶ್ವವಿದ್ಯಾಲಯದ ಅಧ್ಯಾಪಕರು ಕೂರುತ್ತಾರೆ. ಅಂಗಡಿ ತೆರೆದ ಹೊಸತರಲ್ಲಿ ಅವನು ಚರ್ಮದ ಹೊದಿಕೆಯ ಪಟ್ಟಿಯನ್ನು ನನ್ನ ಮುಂದಿಟ್ಟು, "ಕಾಕಾ, ನೀವು ಇದೇ ಕೆಲಸದಾಗ ಇದ್ದವ್ರು. ಹತ್ತಕ್ಕ ಎಷ್ಟು ಮಾರ್ಕ್ಸ್ ಕೊಡ್ತೀರಿ ಹೇಳ್ರಿ" ಎಂದ. ನಾನು ನಾಲ್ಕು ಎಂದೆ. ಅವನಿಗೆ ನೋವಾಯಿತು. ಮುದ್ರಣ ಅಚ್ಚುಕಟ್ಟಾಗಿತ್ತು, ಇಟಲಿಯ ಹೆಸರಾಂತ ವೈನುಗಳಿದ್ದವು, ಬರೋಲೊ ಕೂಡ ಇತ್ತು. ಪುಣೆಯಲ್ಲಿಯೋ ಮುಂಬೈಯಲ್ಲಿಯೋ ಅದಕ್ಕೆ ಏಳು ಸಲೀಸಾಗಿ ಸಿಗುತ್ತಿತ್ತು. ನಾಲ್ಕೇ ಏಕೆ ಎಂಬುದನ್ನು ಆ ರಾತ್ರಿ ಅವನಿಗೆ ಅರೆಬರೆಯಾಗಿ ಹೇಳಿದ್ದೆ. ಇಲ್ಲಿ ಪೂರ್ತಿಯಾಗಿ ಹೇಳುವ ಪ್ರಯತ್ನ ಮಾಡುತ್ತೇನೆ.

ಪಂಚತಾರಾ ಹೋಟೆಲ್ಲಿಗೆ ಬರುವ ಅತಿಥಿ ವರ್ಷಕ್ಕೊಮ್ಮೆ ಬರಬಹುದು. ತನ್ನ ಖರ್ಚನ್ನು ಕಂಪನಿ ಭರಿಸುತ್ತದೆಂಬ ಧೈರ್ಯದಲ್ಲಿ ಬರಬಹುದು. ಓಣಿಯ ಹೋಟೆಲ್ಲಿಗೆ ಬರುವವರು ಅದೇ ಓಣಿಯವರು. ಈ ಗುರುವಾರ ಬಂದವರು ಮುಂದಿನ ಗುರುವಾರವೂ ಬರಬೇಕು, ಬಂದು ತಮ್ಮ ಕಿಸೆಯಿಂದಲೇ ಕೊಡಬೇಕು. ಅಂಥವರು ಪಟ್ಟಿಯ ಶಿಖರವನ್ನು ಮುಟ್ಟುವುದು ಅಪರೂಪ. ಅವರ ಕೈ ಹೋಗುವುದು ಕೆಳಗಿನ ನಾಲ್ಕೈದು ಸಾಲುಗಳಿಗೆ, ಗ್ಲಾಸಿನ ಲೆಕ್ಕದಲ್ಲಿ ಕೊಡುವ ವೈನಿಗೆ. ಆದ್ದರಿಂದ ಓಣಿಯ ಹೋಟೆಲ್ಲಿನ ಪಟ್ಟಿಗೆ ಅಂಕ ಕೊಡುವಾಗ ನಾನು ಕೆಳಗಿನಿಂದ ಓದುತ್ತೇನೆ. ಅತಿ ಅಗ್ಗದ ಗ್ಲಾಸನ್ನು ಯಾರು ಆರಿಸಿದರು, ಎಷ್ಟು ಯೋಚಿಸಿ ಆರಿಸಿದರು, ಅದನ್ನು ಹೇಗೆ ಇಟ್ಟಿದ್ದಾರೆ, ಅದನ್ನು ಕೇಳಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಲ್ಲೇ ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಅಂಕಗಳಿವೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು

ವೈನ್ ಪಟ್ಟಿಯನ್ನು ಒಂಟಿಯಾಗಿ ಓದಿ ತೂಗಲು ನನಗೆ ಬರುವುದಿಲ್ಲ. ಪಕ್ಕದಲ್ಲಿ ಊಟದ ಪಟ್ಟಿ ತೆರೆದಿರಬೇಕು. ಸಾಧ್ಯವಾದರೆ ಅಡುಗೆಮನೆಯೊಳಗೆ ಒಮ್ಮೆ ಹೋಗಿ ಬಂದಿರಬೇಕು. ಈ ಅಡುಗೆಮನೆಯಿಂದ ಅತಿ ಹೆಚ್ಚು ಹೊರಬರುವುದು ಟೊಮೆಟೊ ಸಾಸಿನ ತಿನಿಸುಗಳು. ಅರ್ರಾಬ್ಬಿಯಾತಾ ಎಂಬ ಪಾಸ್ತಾ ಮೂಲದಲ್ಲಿಯೂ ಖಾರದ್ದೇ. ಇಲ್ಲಿ ಅದಕ್ಕೆ ಬೀಳುವ ಒಣಮೆಣಸಿನಕಾಯಿ ರೋಮ್ ನಗರದಲ್ಲಿ ಬೀಳುವುದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಗಿರಾಕಿಗಳು ಹಾಗೆ ಕೇಳುತ್ತಾರೆ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಇಟಲಿಯ ಅಡುಗೆಯೂ ಊರಿಂದ ಊರಿಗೆ ಬದಲಾಗುತ್ತದೆ, ಅಲ್ಲಿನ ವೈನುಗಳು ಆಯಾ ಊರಿನ ಅಡುಗೆಯ ಜೊತೆಗೇ ಬೆಳೆದುಬಂದಿವೆ. ಕೊಬ್ಬಿನ ಹಂದಿಮಾಂಸಕ್ಕೂ ಚೀಸಿಗೂ ಹೆಸರಾದ ಎಮಿಲಿಯಾ ರೊಮಾನ್ಯಾ ಪ್ರದೇಶದಲ್ಲಿ ಲಾಂಬ್ರುಸ್ಕೊ ಎಂಬ ನೊರೆಯುಕ್ಕುವ ಕೆಂಪು ವೈನ್ ರೂಢಿಯಾಗಿದೆ. ಅದನ್ನು ತಣ್ಣಗೆ ಕುಡಿದಾಗ ಬಾಯಿಯ ಜಿಡ್ಡು ಕಳೆಯುತ್ತದೆ. ಹಾಗಿರುವಾಗ ಕಲಬುರಗಿಯ ಖಾರದ ಪಾಸ್ತಾಕ್ಕೆ ಯಾವುದು ಹೊಂದುತ್ತದೆ ಎಂದು ಕಲಬುರಗಿಯಲ್ಲೇ ಕೂತು ಯೋಚಿಸಬೇಕಾದವರು ನಾವು.

ಟೊಮೆಟೊ ತಾನೇ ಹುಳಿ. ಹುಳಿ ಕಡಿಮೆಯಿರುವ ವೈನ್ ಅದರೆದುರು ಸಪ್ಪೆಯಾಗಿ, ನೀರು ಬೆರೆಸಿದಂತೆ ತೋರುತ್ತದೆ. ಇಟಲಿಯ ಟಸ್ಕನಿ ಪ್ರದೇಶದ ಕ್ಯಾಂಟಿ ವೈನಿನ ಮೂಲವಾದ ಸಾಂಜೊವೇಸೆ ದ್ರಾಕ್ಷಿಗೆ ಸ್ವಭಾವತಃ ಹುಳಿ ಹೆಚ್ಚು. ಟೊಮೆಟೊ ಸಾಸಿನ ಪಕ್ಕದಲ್ಲಿ ಅದು ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಪಿಯೆಮೊಂತೆ ಪ್ರದೇಶದ ಬಾರ್ಬೆರಾ ದ್ರಾಕ್ಷಿಯಲ್ಲಿಯೂ ಅದೇ ಗುಣವಿದೆ. ಹುಳಿ ಚೆನ್ನಾಗಿದೆ, ಒಗರು ಕಡಿಮೆ. ಖಾರದ ವಿಷಯ ಬೇರೆ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಇನ್ನಷ್ಟು ಕೆರಳಿಸುತ್ತದೆ, ಒಗರು ಅದಕ್ಕೆ ಒರಟುತನವನ್ನು ಸೇರಿಸುತ್ತದೆ. ಖಾರದ ತಟ್ಟೆಯ ಮುಂದೆ ಬೇಕಾದದ್ದು ಆಲ್ಕೋಹಾಲ್ ಕಡಿಮೆಯಿರುವ, ತುಸು ಸಿಹಿಯ, ತಣ್ಣನೆಯ ವೈನ್. ಸುಮಾರು 5% ಆಲ್ಕೋಹಾಲ್ ಮಾತ್ರ ಇರುವ ಮೊಸ್ಕಾತೊ ದಾಸ್ತಿ, ಮೇಲೆ ಹೇಳಿದ ಲಾಂಬ್ರುಸ್ಕೊ, ನಮ್ಮ ದೇಶದಲ್ಲೇ ಹೇರಳವಾಗಿ ತಯಾರಾಗುವ ಶೆನಿನ್ ಬ್ಲಾಂಕ್, ಇವು ಮೂರೂ ಆ ಕೆಲಸಕ್ಕೆ ಒದಗುತ್ತವೆ. ನನ್ನ ಮುಂದಿದ್ದ ಪಟ್ಟಿಯಲ್ಲಿ ಮೊದಲೆರಡು ಇರಲಿಲ್ಲ; ಮೂರನೆಯದು ಕೊನೆಯ ಪುಟದಲ್ಲಿ ಒಂದು ಸಾಲಾಗಿ ಕೂತಿತ್ತು.

ಇದ್ದದ್ದು ಬರೋಲೊ. ನೆಬ್ಬಿಯೊಲೊ ದ್ರಾಕ್ಷಿಯಿಂದ ತಯಾರಾಗುವ ಈ ವೈನಿನಲ್ಲಿ ನಿಯಮದ ಪ್ರಕಾರವೇ ಕನಿಷ್ಠ 13% ಆಲ್ಕೋಹಾಲ್ ಇರಬೇಕು; 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ನಿಧಾನವಾಗಿ ಬೇಯಿಸಿದ ಗಟ್ಟಿ ಮಾಂಸದ ಜೊತೆಗೆ, ಚಳಿಗಾಲದ ರಾತ್ರಿಯಲ್ಲಿ, ಅದಕ್ಕೆ ಸಮನಾದದ್ದು ಕಡಿಮೆ. ಈ ಅಡುಗೆಮನೆಯಲ್ಲಿ ಅಂಥ ಅಡುಗೆಯೇ ಇಲ್ಲ. ಪನೀರ್ ಪಿಜ್ಜಾದ ಎದುರು ಅದನ್ನು ಸುರಿದುಕೊಂಡವರ ಬಾಯಲ್ಲಿ ಉಳಿಯುವುದು ಒಗರು ಮತ್ತು ಉರಿ ಮಾತ್ರ. ಬರೋಲೊ ಎಂದರೆ ಇಷ್ಟೇ ಏನೋ ಎಂಬ ತಪ್ಪು ತಿಳಿವಳಿಕೆಯೊಂದಿಗೆ ಅವರು ಮನೆಗೆ ಹೋಗುತ್ತಾರೆ. ಒಳ್ಳೆಯ ವೈನಿಗೂ ಅದು ಅನ್ಯಾಯ, ಹಣ ತೆತ್ತವರಿಗೂ ಅನ್ಯಾಯ.

ಇನ್ನೊಂದು ದೋಷ ಚಿಕ್ಕದು, ಆದರೆ ಪಟ್ಟಿಯನ್ನು ಯಾರೂ ಕೂತು ಓದಿಲ್ಲ ಎಂಬುದನ್ನು ಅದು ಬಯಲು ಮಾಡುತ್ತಿತ್ತು. ಮೊಂಟೆಪುಲ್ಚಾನೊ ದಬ್ರುತ್ಸೊ ಎಂಬ ವೈನನ್ನು ಟಸ್ಕನಿಯ ಕೆಳಗೆ ಸೇರಿಸಲಾಗಿತ್ತು. ಟಸ್ಕನಿಯಲ್ಲಿ ಮೊಂಟೆಪುಲ್ಚಾನೊ ಎಂಬ ಊರಿರುವುದು ನಿಜ; ಅಲ್ಲಿಯ ವೈನ್ ಮುಖ್ಯವಾಗಿ ಸಾಂಜೊವೇಸೆಯದು. ಪಟ್ಟಿಯಲ್ಲಿದ್ದದ್ದು ಅದೇ ಹೆಸರಿನ ದ್ರಾಕ್ಷಿ ತಳಿಯದು, ಏಡ್ರಿಯಾಟಿಕ್ ಸಮುದ್ರದ ಕಡೆಯ ಅಬ್ರುತ್ಸೊ ಪ್ರದೇಶದ್ದು. ಸರಬರಾಜುದಾರರು ಕಳಿಸಿದ ಕಾಗದವನ್ನು ಹಾಗೆಯೇ ಮುದ್ರಿಸಿದರೆ ಇಂಥವು ಉಳಿದುಬಿಡುತ್ತವೆ. ತಯಾರಕರ ಹೆಸರು, ಪ್ರದೇಶ, ದ್ರಾಕ್ಷಿ, ಕೊಯ್ಲಿನ ವರ್ಷ, ಈ ನಾಲ್ಕು ಪ್ರತಿ ಸಾಲಿನಲ್ಲಿಯೂ ಇದ್ದರೆ ಓದುವವನಿಗೆ ಹಿಡಿತ ಸಿಗುತ್ತದೆ. ಬರೀ "ಕ್ಯಾಂಟಿ" ಎಂದು ಬರೆದು ಬೆಲೆ ಹಾಕಿದರೆ ಯಾರ ಕ್ಯಾಂಟಿ, ಯಾವ ವರ್ಷದ್ದು ಎಂದು ಕೇಳುವ ಹೊರೆ ಗಿರಾಕಿಯ ಮೇಲೆ ಬೀಳುತ್ತದೆ, ನಮ್ಮ ಊರಿನಲ್ಲಿ ಹೆಚ್ಚಿನವರು ಸಂಕೋಚದಿಂದ ಕೇಳುವುದಿಲ್ಲ.

ಮೇ ತಿಂಗಳ ಬಾಟಲಿ

ಪಟ್ಟಿಯಲ್ಲಿ ಏನು ಬರೆದಿದೆ ಎಂಬುದು ಅರ್ಧ ಮಾತ್ರ. ಬರೆದದ್ದು ಯಾವ ಸ್ಥಿತಿಯಲ್ಲಿ ಮೇಜಿಗೆ ಬರುತ್ತದೆ ಎಂಬುದು ಉಳಿದರ್ಧ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂಬ ಮಾತು ಹೋಟೆಲ್ ಕೆಲಸದವರಿಗೆಲ್ಲ ಬಾಯಿಪಾಠ. ಆ ಮಾತು ಹುಟ್ಟಿದ್ದು ಯೂರೋಪಿನ ತಣ್ಣನೆಯ ಮನೆಗಳಲ್ಲಿ. ಅಲ್ಲಿನ ಕೋಣೆ ಎಂದರೆ 16ರಿಂದ 18 ಡಿಗ್ರಿ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವುದು ಹೊಸತಲ್ಲ, ರಾತ್ರಿ ಹತ್ತಕ್ಕೂ ಗೋಡೆಗಳು ಬಿಸಿಯಾಗಿರುತ್ತವೆ. ಇಲ್ಲಿ ಕೆಂಪು ವೈನ್ ಕೂಡ ಫ್ರಿಜ್ಜಿನಿಂದಲೇ ಹೊರಬರಬೇಕು. ಕೊಡುವ ಇಪ್ಪತ್ತು ನಿಮಿಷ ಮೊದಲು ತೆಗೆದಿಟ್ಟರೆ ಸಾಕು.

ಅಂಥದೇ ಒಂದು ಮೇ ಸಂಜೆ ನಾನು ಅಲ್ಲಿ ಕ್ಯಾಂಟಿ ತರಿಸಿದೆ. ಬಡಿಸುವ ಹುಡುಗ ಶಹಾಬಾದ್ ಕಡೆಯವನು, ಚುರುಕಾದವನು. ಅವನು ಬಾಟಲಿಯನ್ನು ಇಳಿಸಿದ್ದು ಗೋಡೆಯ ಮೇಲಿನ ಮರದ ಶೋಕೇಸಿನಿಂದ. ಚಾವಣಿಗೆ ಹತ್ತಿರದ ಆ ಶೋಕೇಸಿನ ಪ್ರತಿ ಅರೆಯಲ್ಲಿಯೂ ಒಂದೊಂದು ಹಳದಿ ಬಲ್ಬು ಉರಿಯುತ್ತಿತ್ತು, ಏಸಿಯ ಗಾಳಿ ಅಷ್ಟು ಎತ್ತರಕ್ಕೆ ತಲುಪುತ್ತಿರಲಿಲ್ಲ. ಕೈಗೆ ತೆಗೆದುಕೊಂಡಾಗ ಬಾಟಲಿ ಬೆಚ್ಚಗಿತ್ತು. ಕತ್ತಿನ ಸುತ್ತಲಿನ ತಗಡಿನ ಹೊದಿಕೆಯ ತಲೆ ಚಪ್ಪಟೆಯಾಗಿರಬೇಕು. ಅದು ಸಣ್ಣಗೆ ಉಬ್ಬಿತ್ತು, ಅದರ ಅಂಚಿನ ಕೆಳಗೆ ನೇರಳೆ ಬಣ್ಣದ ಒಂದು ಗೆರೆ ಇಳಿದು ಒಣಗಿ ಬೆರಳಿಗೆ ಅಂಟುತ್ತಿತ್ತು. ಹೊದಿಕೆಯನ್ನು ಕತ್ತರಿಸಿದಾಗ ಬಿರಡೆ ಬಾಟಲಿಯ ಬಾಯಿಯಿಂದ ಮೇಲಕ್ಕೆ ತಲೆಯೆತ್ತಿ ನಿಂತಿರುವುದು ಕಂಡಿತು. ಒಳಗಿನ ವೈನ್ ಕಾದು ಹಿಗ್ಗಿದಾಗ ಬಿರಡೆಯನ್ನು ಹೊರಕ್ಕೆ ತಳ್ಳುತ್ತದೆ; ಬದಿಯಿಂದ ವೈನ್ ಜಿನುಗುತ್ತದೆ, ರಾತ್ರಿ ತಣ್ಣಗಾದಾಗ ಅದೇ ಸಂದಿನಿಂದ ಗಾಳಿ ಒಳಹೋಗುತ್ತದೆ. ತೆರೆಯುವ ಮೊದಲೇ ಆ ಬಾಟಲಿಯ ಕಥೆ ಮುಗಿದಿತ್ತು.

ಹುಡುಗನನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ. ಒಳಗಿನ ಫ್ರಿಜ್ಜಿನಲ್ಲಿ ಅದೇ ಕ್ಯಾಂಟಿಯ ಇನ್ನೊಂದು ಬಾಟಲಿ ಇದೆಯೇ ಎಂದು ಕೇಳಿದೆ. "ಒಂದ ಅದ ರೀ ಸರ್, ಉಳಿದಿದ್ದು ಜಾಗ ಇಲ್ಲಂತ ಮ್ಯಾಲೆ ಇಟ್ಟೀವ್ರಿ. ಫ್ರಿಜ್‌ದಾಗ ಕೋಲ್ಡ್ರಿಂಕ್ಸ್ ಇಡ್ಬೇಕಲ್ರಿ" ಎಂದ. ಅದನ್ನೂ ತರಿಸಿ, ಮಾಲೀಕನನ್ನು ಕರೆದು, ಎರಡನ್ನೂ ಎರಡು ಗ್ಲಾಸಿಗೆ ಸುರಿದೆವು. ನೀನು ನೋಡು ಎಂದು ಹುಡುಗನಿಗೆ ಹೇಳಿದರೆ ಅವನು ಹಿಂದೆ ಸರಿದ. ಅವರ ಮನೆಯಲ್ಲಿ ಕುಡಿತ ನಡೆಯುವುದಿಲ್ಲ, ತಾನೂ ಮುಟ್ಟುವುದಿಲ್ಲ ಎಂದ. ಮುಟ್ಟಬೇಡ, ಮೂಸು ಸಾಕು ಎಂದೆ. ಅವನು ಮೊದಲ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, ಎರಡನೆಯದನ್ನು ಹಿಡಿದು, ಮತ್ತೆ ಮೊದಲನೆಯದಕ್ಕೆ ಬಂದು, "ಇದು ಗುಳಂಬದ ವಾಸನಿ ಬರ್ಲಿಕತ್ತದ ರೀ. ಅದು ಹಸಿ ಹಣ್ಣಿನ ವಾಸನಿ" ಎಂದ. ಗುಳಂಬ ಎಂದರೆ ಸಿಹಿ ಹಾಕಿ ಬೇಯಿಸಿದ ಹಣ್ಣು. ಕಾದು ಕೆಟ್ಟ ವೈನಿನ ಬಗ್ಗೆ ನನ್ನ ತರಬೇತಿಯ ಪುಸ್ತಕಗಳಲ್ಲಿ ನಾನು ಇಷ್ಟು ಖಚಿತವಾದ ಮಾತನ್ನು ಓದಿರಲಿಲ್ಲ. ವೈನ್ ಬಡಿಸುವವನು ಕುಡಿಯಲೇಬೇಕೆಂದಿಲ್ಲ. ಯೂರೋಪಿನಲ್ಲಿಯೂ ರುಚಿ ನೋಡುವ ವೃತ್ತಿಯವರು ಬಾಯಿಗೆ ಹಾಕಿಕೊಂಡದ್ದನ್ನು ಉಗುಳುತ್ತಾರೆ. ಮೂಗು ಬೇಕು, ನೆನಪು ಬೇಕು, ಕೇಳಿದವರಿಗೆ ಹೇಳುವ ಧೈರ್ಯ ಬೇಕು. ಆ ಹುಡುಗನಲ್ಲಿ ಮೂರೂ ಇವೆ. ಅವನಿಗೆ ಬಾಟಲಿಗಳನ್ನು ಪರಿಚಯಿಸುವ ಕೆಲಸವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಹೀಗಾಗಿ ಕಲಬುರಗಿಯಲ್ಲಿ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಫ್ರಿಜ್ಜಿನಲ್ಲಿ ಹಿಡಿಯುವಷ್ಟು ಬಾಟಲಿಗಳೇ ಪಟ್ಟಿಯ ಮಿತಿಯಾಗಬೇಕು. ಹನ್ನೆರಡು ಸಾಲುಗಳು ಸಾಕು. ಮೂವತ್ತು ಸಾಲುಗಳ ಪಟ್ಟಿಯಲ್ಲಿ ಹದಿನೆಂಟು ಬಾಟಲಿಗಳು ಶೋಕೇಸಿನಲ್ಲಿ ಬೇಯುತ್ತಿದ್ದರೆ, ಗಿರಾಕಿಗೆ ಸಿಗುವುದು ಬೆಂದ ವೈನು.

ಅಕ್ಕಲಕೋಟೆಯ ಬೆಳೆಗಾರರು

ನಾಲ್ಕು ಅಂಕಗಳ ಹಿಂದಿನ ದೊಡ್ಡ ಕಾರಣ ಇನ್ನೂ ಬಂದಿಲ್ಲ. ಅದಕ್ಕೆ ಪುಣೆಯ ಒಂದು ರಾತ್ರಿಯ ಬಗ್ಗೆ ಹೇಳಬೇಕು.

ನಾನಿದ್ದ ಹೋಟೆಲ್ಲಿನ ಇಟಾಲಿಯನ್ ವಿಭಾಗಕ್ಕೆ ಒಬ್ಬ ಹಿರಿಯರು ಮಗ ಸೊಸೆಯರ ಜೊತೆ ಬಂದಿದ್ದರು. ಬಿಳಿ ಧೋತರ, ಬಿಳಿ ಅಂಗಿ, ತಲೆಯ ಮೇಲೆ ಟೋಪಿ. ಮಗ ಅಲ್ಲಿನ ಯಾವುದೋ ಕಂಪನಿಯಲ್ಲಿದ್ದ. ಅವನಿಗೆ ಬಡ್ತಿ ಸಿಕ್ಕ ಸಂಭ್ರಮ. ನಾನು ಸಹೋದ್ಯೋಗಿಯೊಬ್ಬನ ಜೊತೆ ಕನ್ನಡದಲ್ಲಿ ಮಾತನಾಡಿದ್ದು ಅವರ ಕಿವಿಗೆ ಬಿದ್ದಿರಬೇಕು. "ನೀವು ಕನ್ನಡದವ್ರೇನ್ರೀ? ನಮ್ದು ಅಕ್ಕಲಕೋಟ" ಎಂದರು. ಕಲಬುರಗಿಯಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯ ಆ ಸೀಮೆಯಲ್ಲಿ ಮರಾಠಿಯಷ್ಟೇ ಸಹಜವಾಗಿ ಕನ್ನಡ ಆಡುತ್ತಾರೆ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ಅವರು ದ್ರಾಕ್ಷಿ ಬೆಳೆಗಾರರು. ತಿನ್ನುವ ದ್ರಾಕ್ಷಿಯನ್ನು ಬೆಳೆದು ವ್ಯಾಪಾರಿಗಳಿಗೆ ಕೊಡುತ್ತಿದ್ದರು, ಉಳಿದದ್ದನ್ನು ಒಣದ್ರಾಕ್ಷಿ ಮಾಡುತ್ತಿದ್ದರು. ಕನ್ನಡಕ ಹಾಕಿಕೊಂಡು, ಮಗನ ಅವಸರಕ್ಕೆ ಕಿವಿಗೊಡದೆ, ವೈನ್ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನನ್ನ ವೃತ್ತಿಜೀವನದಲ್ಲಿ ಪಟ್ಟಿಯನ್ನು ಹಾಗೆ ಪೂರ್ತಿ ಓದಿದ ಗಿರಾಕಿಗಳು ವಿರಳ.

ಓದಿ ಮುಗಿಸಿ ನನ್ನನ್ನು ಕರೆದು ಅವರು ಕೇಳಿದ್ದು ಹೀಗೆ: "ಇಟಲೀದ ಒಂದೊಂದು ಬಾಟ್ಲಿಗೂ ಊರ ಹೆಸ್ರು ಬರದೀರಿ, ಗುಡ್ಡದ ಹೆಸ್ರು ಬರದೀರಿ. ಇದು ನಮ್ಮ ಸೊಲ್ಲಾಪುರ ಜಿಲ್ಲಾದಾಗ ಬೆಳದದ್ದು ಅಂತ ನಂಗ ಗೊತ್ತದ. ಇದಕ್ಕ ಬರೇ ಡೊಮೆಸ್ಟಿಕ್ ಅಂತ ಬರದೀರಲ್ರಿ, ನಮ್ಮ ಕಡೀಗೆ ಊರs ಇಲ್ಲೇನ್ರಿ?"

ಅವರ ಬೆರಳು ನಿಂತದ್ದು ಅಕ್ಲೂಜ್‌ನ ಸಾಂಜೊವೇಸೆಯ ಮೇಲೆ. ಸೊಲ್ಲಾಪುರ ಜಿಲ್ಲೆಯ ಮಾಳಶಿರಸ ತಾಲ್ಲೂಕಿನ ಅಕ್ಲೂಜ್‌ನಲ್ಲಿ ಇಟಲಿಯ ಸೆಕ್ಕಿ ಸಹೋದರರು, ಅಲ್ಲಿನದೇ ಮೋಹಿತೆ ಪಾಟೀಲ ಸಹೋದರರು, ಸೇಖ್ರಿ ಸಹೋದರರು ಕೂಡಿ ಕಟ್ಟಿದ ಫ್ರಾತೆಲ್ಲಿ ಎಂಬ ಸಂಸ್ಥೆ ಆ ವೈನನ್ನು ತಯಾರಿಸುತ್ತದೆ. ಟಸ್ಕನಿಯ ಪಿಯೆರೊ ಮಾಸಿ ಎಂಬ ಅನುಭವಿ ಅಲ್ಲಿಯ ವೈನ್ ರೂಪಿಸಿದವರು. ಅಂದರೆ ಕ್ಯಾಂಟಿಯ ದ್ರಾಕ್ಷಿಯೇ, ಕ್ಯಾಂಟಿಯ ನಾಡಿನ ಕೈಯೇ, ಭೀಮೆಯ ಬಯಲಿನ ಬಿಸಿಲಿನಲ್ಲಿ ಕೆಲಸ ಮಾಡಿದೆ. ಇಷ್ಟೆಲ್ಲ ಇದ್ದೂ ನಮ್ಮ ಪಟ್ಟಿಯಲ್ಲಿ ಅದಕ್ಕೆ ಊರಿರಲಿಲ್ಲ, ವರ್ಷವಿರಲಿಲ್ಲ. ಕೊನೆಯ ಪುಟದಲ್ಲಿ, ತಂಪು ಪಾನೀಯಗಳ ಹಿಂದಿನ ಪುಟದಲ್ಲಿ, ಬೆಲೆಯ ಜೊತೆಗೆ ಕೂತಿತ್ತು.

ಅವರು ಅದೇ ಬಾಟಲಿಯನ್ನು ತರಿಸಿದರು. ಕುಡಿದದ್ದು ಎರಡು ಗುಟುಕು. ಕೇಳಿದ್ದು ಹತ್ತಾರು ಪ್ರಶ್ನೆ. ಹಣ್ಣನ್ನು ಯಾವಾಗ ಕೊಯ್ಯುತ್ತಾರೆ? ಫೆಬ್ರವರಿ, ಮಾರ್ಚ್ ಎಂದೆ. ತಲೆಯಾಡಿಸಿದರು, ಅವರ ತೋಟದ ಲೆಕ್ಕವೂ ಅದೇ. ಇಟಲಿಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೊಯ್ಲು, ಚಳಿಗಾಲದಲ್ಲಿ ಬಳ್ಳಿ ಮಲಗುತ್ತದೆ ಎಂದಾಗ ಬಹಳ ಹೊತ್ತು ಯೋಚಿಸಿದರು. ನಮ್ಮಲ್ಲಿ ಬಳ್ಳಿಗೆ ಮಲಗುವ ಕಾಲವಿಲ್ಲ; ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಚಾಟನಿ ಮಾಡಿ, ಅಂದರೆ ಬಳ್ಳಿಯನ್ನು ಕತ್ತರಿಸಿ, ಅದರ ವರ್ಷವನ್ನು ಬೆಳೆಗಾರರೇ ತಿದ್ದಬೇಕು. ಒಂದೇ ಬಳ್ಳಿಗೆ ಬೇರೆ ಬಾಳು ಕೊಟ್ಟು ಅದರಿಂದ ಅದೇ ಹುಳಿಯನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಆ ಮೇಜಿನಲ್ಲಿ ಅವರೊಬ್ಬರಿಗೆ ಗೊತ್ತಿತ್ತು.

ಇಟಲಿಯ ಬಾಟಲಿಗಳಿಗೆ ಊರ ಹೆಸರು ತಾನಾಗಿ ಬಂದದ್ದಲ್ಲ. ಟಸ್ಕನಿಯ ದೊರೆ ಮೂರನೆಯ ಕೊಸಿಮೊ 1716ರಲ್ಲಿ ಕ್ಯಾಂಟಿಯ ಎಲ್ಲೆ ಗುರುತಿಸಿ ಆಜ್ಞೆ ಹೊರಡಿಸಿದ. 1963ರಲ್ಲಿ ಇಟಲಿ ಸರ್ಕಾರ ಪ್ರದೇಶದ ಹೆಸರುಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಪ್ರೊಸೆಕ್ಕೊ ಎಂಬ ನೊರೆಯುಕ್ಕುವ ವೈನಿಗೂ ಅದರ ದ್ರಾಕ್ಷಿಗೂ ಒಂದೇ ಹೆಸರಿತ್ತು; ಆ ಹೆಸರನ್ನು ಬೇರೆಯವರು ಬಳಸದಂತೆ 2009ರಲ್ಲಿ ದ್ರಾಕ್ಷಿಯ ಹೆಸರನ್ನೇ ಗ್ಲೇರಾ ಎಂದು ಬದಲಿಸಿದರು. ಊರ ಹೆಸರನ್ನು ಕಾಯಲು ಅವರು ಇಷ್ಟು ಶ್ರಮಿಸಿದ್ದಾರೆ. ನಮ್ಮ ಊರುಗಳ ಹೆಸರನ್ನು ಬರೆಯಲು ನಮಗೆ ಬೇಕಾದದ್ದು ಅರ್ಧ ಸಾಲಿನ ಜಾಗ.

ಈಗ ಕಲಬುರಗಿಯ ಪಟ್ಟಿಗೆ ಬರುತ್ತೇನೆ. ಅದರ ಕೊನೆಯ ಪುಟವೂ ಹಾಗೆಯೇ ಇತ್ತು. ಅಕ್ಲೂಜ್ ನಮ್ಮ ಊರಿನಿಂದ 200 ಕಿ.ಮೀ.ಗೆ ತುಸು ಹೆಚ್ಚು ದೂರ. ಬೆಂಗಳೂರಿನ ದೂರದ ಅರ್ಧವೂ ಇಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಕ್ರಿಸ್ಮಾ ಎಸ್ಟೇಟಿನವರು ಸಾಂಜೊವೇಸೆ ಬೆಳೆದು ವೈನ್ ಮಾಡುತ್ತಾರೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದಿಂದ 1992ರಿಂದಲೇ ವೈನ್ ಬರುತ್ತಿದೆ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಓಣಿಯ ಇಟಾಲಿಯನ್ ಹೋಟೆಲ್ಲೊಂದು ಕಲಬುರಗಿಯಲ್ಲಿ ನಡೆಯುತ್ತಿದೆ ಎಂದಾದರೆ, ಟೊಮೆಟೊ ಸಾಸಿಗೆ ಹೊಂದುವ ಇಟಲಿಯ ದ್ರಾಕ್ಷಿ ಎರಡು ದಿಕ್ಕಿನಲ್ಲಿ ಇಷ್ಟು ಹತ್ತಿರ ಬೆಳೆಯುತ್ತಿರುವುದು ಆ ಹೋಟೆಲ್ಲಿನ ಭಾಗ್ಯ. ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಾದ ಸಂಗತಿಯನ್ನು ಕೊನೆಯ ಪುಟಕ್ಕೆ ತಳ್ಳಿದ್ದಕ್ಕೆ ನಾನು ಕಳೆದದ್ದು ಮೂರು ಅಂಕ. ಇಂದಿಗೂ ಆ ಮೂರನ್ನು ಕಡಿಮೆ ಮಾಡಲು ಮನಸ್ಸಿಲ್ಲ.

ಬೆಲೆಯ ಲೆಕ್ಕ

ಮಾಲೀಕನ ಕೈಗಳೂ ಕಟ್ಟಿವೆ ಎಂಬುದನ್ನು ಮರೆತು ಅಂಕ ಕೊಡಬಾರದು. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಅದರ ಡಿಪೋಗೆ ಬಂದ ಬಾಟಲಿಯನ್ನಷ್ಟೇ ಹೋಟೆಲ್ಲಿನವರು ಕೊಳ್ಳಬಹುದು. ಅಕ್ಲೂಜ್ ಎಷ್ಟು ಹತ್ತಿರವಿದ್ದರೂ ಕಾರಿನಲ್ಲಿ ಹೋಗಿ ಪೆಟ್ಟಿಗೆ ತುಂಬಿಕೊಂಡು ಬರುವಂತಿಲ್ಲ. ವಿದೇಶದ ವೈನಿನ ಮೇಲಿನ ಭಾರೀ ಆಮದು ಸುಂಕ ಎಷ್ಟೋ ವರ್ಷಗಳಿಂದ ಈ ವ್ಯಾಪಾರದ ದೊಡ್ಡ ಹೊರೆ. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ. ಇಟಲಿಯ ಓಣಿಯಲ್ಲಿ ದಿನವೂ ಕುಡಿಯುವ ಸಾದಾ ಕ್ಯಾಂಟಿ ಇಲ್ಲಿಗೆ ಬರುವಷ್ಟರಲ್ಲಿ ಹಬ್ಬದ ವೈನಾಗುತ್ತದೆ. ಇದು ಯಾರ ತಪ್ಪೆಂದು ಓಣಿಯ ಹೋಟೆಲ್ಲನ್ನು ಕೇಳುವುದು ಸರಿಯಲ್ಲ.

ಆದರೆ ಅವನ ಕೈಯಲ್ಲಿಯೇ ಇರುವುದು ಲಾಭದ ಲೆಕ್ಕ. ಹೋಟೆಲ್ಲುಗಳಲ್ಲಿ ರೂಢಿ ಎಂದರೆ ಕೊಂಡ ಬೆಲೆಯನ್ನು ಎರಡೂವರೆಯಿಂದಲೋ ಮೂರರಿಂದಲೋ ಗುಣಿಸುವುದು. ಎಷ್ಟೋ ಕಡೆ ಅಗ್ಗದ ಬಾಟಲಿಯನ್ನು ಮೂರೂವರೆಯಿಂದ, ದುಬಾರಿಯದನ್ನು ಎರಡರಿಂದ ಗುಣಿಸುತ್ತಾರೆ. ಹೆಚ್ಚು ಜನ ಕೇಳುವುದು ಅಗ್ಗದ್ದನ್ನೇ ಎಂಬ ಲೆಕ್ಕಾಚಾರ ಅದರ ಹಿಂದೆ ಇರುತ್ತದೆ. ಕಡಿಮೆ ಹಣ ಇರುವವನೇ ಹೆಚ್ಚು ಪಾಲು ತೆರುವ ಪದ್ಧತಿ ಇದು. ಗುಣಿಸುವ ಬದಲು ಪ್ರತಿ ಬಾಟಲಿಗೂ ಒಂದೇ ಮೊತ್ತ ಕೂಡಿಸಿದರೆ ಏನಾಗುತ್ತದೆ ಎಂದು ಅವನಿಗೆ ಕಾಗದದ ಮೇಲೆ ತೋರಿಸಿದೆ. 800 ರೂಪಾಯಿಗೆ ಕೊಂಡ ಬಾಟಲಿ ಮೂರರಿಂದ ಗುಣಿಸಿದರೆ 2,400. 900 ರೂಪಾಯಿ ಕೂಡಿಸಿದರೆ 1,700. ಬಡಿಸುವ ಶ್ರಮ, ಗ್ಲಾಸು, ಫ್ರಿಜ್ಜಿನ ಕರೆಂಟು ಅಗ್ಗದ, ದುಬಾರಿ ಎರಡೂ ಬಾಟಲಿಗೆ ಒಂದೇ ಆಗಿರುವಾಗ ಲಾಭವೂ ಒಂದೇ ಆದರೆ ತಪ್ಪೇನು? ವಾರಕ್ಕೊಂದು ಮಾರುತ್ತಿದ್ದದ್ದು ಎರಡು ಮಾರಿದರೆ ಅವನ ಕೈಗೆ ಬರುವುದು ಹೆಚ್ಚೇ. ಗ್ಲಾಸಿನ ಲೆಕ್ಕವೂ ಹಾಗೆಯೇ. 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ನ ಐದು ಗ್ಲಾಸು ಬರುತ್ತವೆ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಎರಡು ಮೂರು ದಿನ ತಡೆಯುತ್ತದೆ. ಹಾಗಾಗಿ ಗ್ಲಾಸಿನಲ್ಲಿ ಕೊಡುವ ವೈನು ಬೇಗ ಖರ್ಚಾಗುವಂಥದ್ದಿರಬೇಕು, ಒಂದು ಬಿಳಿ, ಒಂದು ಕೆಂಪು ಸಾಕು, ತೆರೆದ ದಿನಾಂಕವನ್ನು ಬಾಟಲಿಯ ಕತ್ತಿಗೆ ಅಂಟಿಸಬೇಕು.

ಬೆಲೆಯ ಜೊತೆಗೆ ಇನ್ನೊಂದು ಸಂಗತಿ ಹೆಣೆದುಕೊಂಡಿದೆ. ಹೆಸರನ್ನು ಹೇಗೆ ಉಚ್ಚರಿಸಬೇಕೋ ಎಂಬ ಅಳುಕಿನಿಂದ ಗಿರಾಕಿಗಳು ಪಟ್ಟಿಯ ಮೇಲೆ ಬೆರಳಿಟ್ಟು "ಇದು ಕೊಡ್ರಿ" ಎನ್ನುವುದನ್ನು ನಾನು ಪುಣೆಯಲ್ಲಿಯೂ ಇಲ್ಲಿಯೂ ನೋಡಿದ್ದೇನೆ. ಅತಿ ಅಗ್ಗದ್ದರ ಮೇಲೆ ಬೆರಳಿಡಲು ನಾಚಿಕೆ. ಹಾಗಾಗಿ ಬೆರಳು ಅದರ ಮೇಲಿನ ಸಾಲಿಗೆ ಹೋಗುತ್ತದೆ. ಅದನ್ನು ಬಲ್ಲ ಹೋಟೆಲ್ಲಿನವರು ಆ ಎರಡನೆಯ ಸಾಲಿನಲ್ಲಿಯೇ ಹೆಚ್ಚು ಲಾಭದ ಬಾಟಲಿಯನ್ನು ಕೂರಿಸುತ್ತಾರೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಅಚ್ಚು ಹಾಕಿ, ಯಾವ ತಿನಿಸಿಗೆ ಹೊಂದುತ್ತದೆಂದು ಒಂದು ಸಾಲು ಬರೆದರೆ ಈ ಅಳುಕಿನ ಅರ್ಧ ಭಾಗ ಕರಗುತ್ತದೆ. ಅಗ್ಗದ ವೈನನ್ನು ಕೇಳಿದವರಿಗೆ ಬಡಿಸುವವನು "ಛಲೋ ಆರಿಸೀರಿ, ಈ ಪಾಸ್ತಾಕ್ಕ ಇದೇ ಸರಿ" ಎಂದು ಮನಸಾರೆ ಹೇಳುವಂತಿದ್ದರೆ ಉಳಿದ ಅರ್ಧವೂ ಕರಗುತ್ತದೆ. ಹಾಗೆ ಹೇಳಬೇಕಾದರೆ ಆ ವೈನು ನಿಜಕ್ಕೂ ಒಳ್ಳೆಯದಿರಬೇಕು.

ಇವುಗಳಲ್ಲಿ ಹಲವನ್ನು ಅವನು ಮಾಡಿದ್ದಾನೆ. ಶೋಕೇಸಿನಲ್ಲಿ ಈಗ ಖಾಲಿ ಬಾಟಲಿಗಳಷ್ಟೇ ನಿಂತಿವೆ, ವೈನಿಗೆಂದೇ ಬೇರೆ ಫ್ರಿಜ್ಜು ಬಂದಿದೆ. ಪಟ್ಟಿ ಒಂದೇ ಹಾಳೆಯಾಗಿದೆ. ಅಕ್ಲೂಜ್‌ನ ಹೆಸರು ಅದರ ಮೇಲಿನ ಸಾಲಿನಲ್ಲಿದೆ. ಶಹಾಬಾದಿನ ಹುಡುಗ ಹೊಸ ಬಾಟಲಿ ತೆರೆದಾಗಲೆಲ್ಲ ಮೂಸಿ ತನ್ನ ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಅವನು ಹೇಳಿದ್ದನ್ನು ಕೇಳಿ ಆರಿಸುವ ಗಿರಾಕಿಗಳು ಈಗಾಗಲೇ ಇದ್ದಾರೆ. ಗ್ಲಾಸಿನ ಬೆಲೆಯೂ ಇಳಿದಿದೆ, ನಾನು ಹೇಳಿದಷ್ಟಲ್ಲದಿದ್ದರೂ.

ಬರೋಲೊ ಮಾತ್ರ ಹೋಗಿಲ್ಲ. ಮದುವೆ ನಿಶ್ಚಯವಾದಾಗ, ಮಗಳಿಗೆ ವೈದ್ಯಕೀಯ ಸೀಟು ಸಿಕ್ಕಾಗ, ದೊಡ್ಡ ಟೆಂಡರು ಕೈಗೆ ಬಂದಾಗ ಜನ ಅದನ್ನೇ ಕೇಳುತ್ತಾರೆ. ಇಲ್ಲವೆಂದರೆ ಹೈದರಾಬಾದಿಗೆ ಹೋಗಿ ಆಚರಿಸುತ್ತಾರೆ ಎಂಬುದು ಅವನ ವಾದ. ಅದರಲ್ಲಿ ಹುರುಳಿದೆ, ಆದರೂ ನಾನು ಒಪ್ಪಿಲ್ಲ. ಬರೋಲೊ ಇಡುವುದಾದರೆ ಅದಕ್ಕೆ ತಕ್ಕ ಅಡುಗೆಯೊಂದು ಇರಬೇಕು. ಮಟನ್ನನ್ನು ನಾಲ್ಕು ತಾಸು ಸಣ್ಣ ಉರಿಯಲ್ಲಿ, ಖಾರ ಹಾಕದೆ, ಕೆಂಪು ವೈನಿನಲ್ಲೇ ಬೇಯಿಸುವ ಪಿಯೆಮೊಂತೆಯ ರೀತಿಯ ಅಡುಗೆ. ಹಿಂದಿನ ದಿನವೇ ಹೇಳಿಟ್ಟವರಿಗೆ ಎರಡನ್ನೂ ಒಟ್ಟಿಗೆ ಕೊಡು ಎಂದು ಹೇಳಿದ್ದೇನೆ. ಖಾರವಿಲ್ಲದ ಮಟನ್ ಕಲಬುರಗಿಯಲ್ಲಿ ಯಾರು ತಿನ್ನುತ್ತಾರೆ ಕಾಕಾ ಎಂದು ಅವನು ಕೇಳುತ್ತಿದ್ದಾನೆ. ಮುಂದಿನ ಡಿಸೆಂಬರಿನ ಚಳಿಯಲ್ಲಿ ಒಂದು ಪಾತ್ರೆ ಬೇಯಿಸಿ, ಒಳಕೋಣೆಯ ನಾಲ್ಕು ಜನರಿಗೆ ಬಡಿಸಿ ನೋಡೋಣ ಎಂಬಲ್ಲಿಗೆ ಮಾತು ನಿಂತಿದೆ.